ಲಂಬಕೋನ ತ್ರಿಭುಜದ ಕೋನವನ್ನು ಕ್ಯಾಲ್ಕುಲೇಟರಿನಲ್ಲಿ ಕಂಡುಹಿಡಿಯುವ ಬಗೆ

ಹತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ ಬರುವ ತ್ರಿಭುಜಗಳು ಬಹಳ ಸಭ್ಯವಾದವು. ಅವುಗಳ ಕೋನ ಸಾಮಾನ್ಯವಾಗಿ 30, 45 ಅಥವಾ 60 ಡಿಗ್ರಿ ಇರುತ್ತದೆ. ಬಾಹುಗಳನ್ನು ಭಾಗಿಸಿದರೆ ಅರ್ಧವೋ ಒಂದೋ ವರ್ಗಮೂಲ ಮೂರೋ ಬರುತ್ತದೆ. ಕೋಷ್ಟಕ ಬಾಯಿಗೆ ಬರುತ್ತಿದ್ದರೆ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರಿಗೆ ಅವಕಾಶವಿಲ್ಲವಾದ್ದರಿಂದ ಪುಸ್ತಕ ಹಾಗಿರುವುದೂ ಸರಿಯೇ. ಆದರೆ ಮೈಸೂರಿನ ಯಾವುದಾದರೂ ಬಡಾವಣೆಯಲ್ಲಿ, ಸ್ಕೂಟರ್ ಒಳಗೆ ಬರಲೆಂದು ಮನೆಯ ಮುಂದೆ ಚರಂಡಿಯ ಮೇಲಿನಿಂದ ಹಾಕಿಸಿದ ಸಿಮೆಂಟಿನ ಇಳಿಜಾರನ್ನೋ, ಮಂಡ್ಯದ ಕಡೆಯ ಹಟ್ಟಿಗೆ ಹೊದಿಸಿದ ಶೀಟಿನ ಚಾವಣಿಯನ್ನೋ ಅಳೆಯಲು ಹೊರಟರೆ ಆ ಮೂರು ಕೋನಗಳಲ್ಲಿ ಒಂದೂ ಸಿಗುವುದಿಲ್ಲ. ಪಾಲಿಟೆಕ್ನಿಕ್ ಸೇರಿದ ಮೊದಲ ತಿಂಗಳಲ್ಲಿ ವಿದ್ಯಾರ್ಥಿಗಳು ತಡವರಿಸುವುದು ಇಲ್ಲಿಯೇ. ಕೋನ ಕೊಟ್ಟರೆ ಬಾಹು ಕಂಡುಹಿಡಿಯುವುದು ಅವರಿಗೆ ಗೊತ್ತು, ಬಾಹುಗಳನ್ನು ಕೊಟ್ಟು ಕೋನ ಎಷ್ಟೆಂದು ಕೇಳಿದರೆ ಯಾವ ಗುಂಡಿ ಒತ್ತಬೇಕೆಂದು ತಿಳಿಯುವುದಿಲ್ಲ. ಗುಂಡಿ ಒತ್ತುವುದು ಈ ಕೆಲಸದ ಅತ್ಯಂತ ಸುಲಭವಾದ ಭಾಗ. ಅದಕ್ಕೆ ಮುಂಚೆ ಯಾವ ಬಾಹು ಯಾವುದೆಂದು ಗುರುತಿಸುವುದೂ, ಉತ್ತರ ಸುಮಾರಾಗಿ ಎಷ್ಟಿರಬಹುದೆಂದು ಅಂದಾಜು ಮಾಡಿಕೊಳ್ಳುವುದೂ ನಿಜವಾದ ಕೆಲಸ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮೊಟ್ಟಮೊದಲು ತ್ರಿಭುಜದಲ್ಲಿ ಒಂದು ಕೋನ ನಿಜವಾಗಿಯೂ 90 ಡಿಗ್ರಿ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕಾಗದದ ಮೇಲಾದರೆ ಮೂಲೆಯಲ್ಲಿ ಸಣ್ಣ ಚೌಕದ ಗುರುತಿರುತ್ತದೆ. ಸ್ಥಳದಲ್ಲಿ ಅಂಥ ಗುರುತೇನೂ ಇರುವುದಿಲ್ಲ. ಗೋಡೆ ನೆಟ್ಟಗಿದೆಯೇ ಎಂದು ತೂಗುಗುಂಡು ಬಿಟ್ಟು ನೋಡಬೇಕು, ನೆಲ ಸಮತಟ್ಟಾಗಿದೆಯೇ ಎಂದು ರಸಮಟ್ಟ ಇಟ್ಟೋ ನೀರು ತುಂಬಿದ ಪೈಪು ಹಿಡಿದೋ ನೋಡಬೇಕು. ಮೂಲೆ ಪರೀಕ್ಷಿಸಲು ಮೇಸ್ತ್ರಿಗಳು ಬಳಸುವ 3–4–5ರ ಉಪಾಯ ಎಲ್ಲಕ್ಕಿಂತ ಸುಲಭ: ಮೂಲೆಯಿಂದ ಒಂದು ಕಡೆಗೆ 3 ಅಡಿ, ಇನ್ನೊಂದು ಕಡೆಗೆ 4 ಅಡಿ ಗುರುತು ಹಾಕಿ, ಆ ಎರಡು ಗುರುತುಗಳ ನಡುವೆ ಟೇಪು ಹಿಡಿದಾಗ ಸರಿಯಾಗಿ 5 ಅಡಿ ಬಂದರೆ ಮೂಲೆ ಲಂಬವಾಗಿದೆ. ಈ ಪರೀಕ್ಷೆಯಲ್ಲಿ ಸೋತ ತ್ರಿಭುಜಕ್ಕೆ ಇಲ್ಲಿ ಹೇಳುವ ವಿಧಾನ ನೇರವಾಗಿ ಅನ್ವಯಿಸುವುದಿಲ್ಲ. ಕ್ಯಾಲ್ಕುಲೇಟರ್ ಆಗಲೂ ಒಂದು ಉತ್ತರವನ್ನು ಕೊಟ್ಟೇ ಕೊಡುತ್ತದೆ ಎಂಬುದೇ ತೊಂದರೆ.

ಲಂಬಕೋನ ಖಚಿತವಾದ ಮೇಲೆ ಮೂರು ಬಾಹುಗಳಲ್ಲಿ ಯಾವುದಾದರೂ ಎರಡರ ಅಳತೆ ಸಾಕು. ಲಂಬಕೋನದ ಎದುರಿಗಿರುವ, ಮೂರರಲ್ಲಿ ಅತಿ ಉದ್ದವಾದ ಬಾಹುವೇ ವಿಕರ್ಣ. ಇದು ಯಾವ ಕಾರಣಕ್ಕೂ ಬದಲಾಗುವುದಿಲ್ಲ. ಉಳಿದೆರಡರ ಹೆಸರು ಮಾತ್ರ ನಾವು ಯಾವ ಕೋನವನ್ನು ಕೇಳುತ್ತಿದ್ದೇವೆ ಎಂಬುದನ್ನು ಅವಲಂಬಿಸಿರುತ್ತದೆ. ಕೇಳಿದ ಕೋನದ ಎದುರಿಗೆ, ಅದನ್ನು ಮುಟ್ಟದೆ ನಿಂತಿರುವುದು ಅಭಿಮುಖ ಬಾಹು; ಆ ಕೋನಕ್ಕೆ ತಾಗಿಕೊಂಡು ಲಂಬಕೋನದವರೆಗೆ ಹೋಗುವುದು ಪಾರ್ಶ್ವಬಾಹು. ಅದೇ ತ್ರಿಭುಜದಲ್ಲಿ ಇನ್ನೊಂದು ಲಘುಕೋನವನ್ನು ಕೇಳಿದರೆ ಇವೆರಡೂ ತಮ್ಮ ಹೆಸರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ನಿಂತಿರುವ ಗೆರೆ ಅಭಿಮುಖ, ಮಲಗಿರುವ ಗೆರೆ ಪಾರ್ಶ್ವ ಎಂದು ಕಣ್ಣಿಗೆ ಕಂಡಂತೆ ಹೆಸರಿಡುವ ಅಭ್ಯಾಸ ಹಲವರಲ್ಲಿದೆ. ನೆಲದ ಬಳಿಯ ಕೋನವನ್ನು ಕೇಳಿದಾಗ ಅದು ಹೊಂದಿಕೊಳ್ಳುತ್ತದೆ, ಮೇಲಿನ ಕೋನವನ್ನು ಕೇಳಿದ ದಿನ ಕೈಕೊಡುತ್ತದೆ. ಆದ್ದರಿಂದ ಎಷ್ಟೇ ಸಣ್ಣ ಲೆಕ್ಕವಾದರೂ ಒಂದು ಚಿತ್ರ ಬರೆದು, ಬೇಕಾದ ಕೋನಕ್ಕೆ ಥೀಟಾ ಎಂದು ಗುರುತು ಹಾಕಿ, ಪೆನ್ಸಿಲನ್ನು ಆ ಕೋನದ ಮೇಲಿಟ್ಟು ಎದುರಿಗೆ ಎಳೆದಾಗ ಯಾವ ಬಾಹುವಿಗೆ ತಾಗುತ್ತದೆಯೋ ಅದಕ್ಕೆ ಅಭಿಮುಖ ಎಂದು ಬರೆದುಕೊಳ್ಳುವುದು ಒಳ್ಳೆಯದು.

ಮುಂದಿನದು ಅನುಪಾತದ ಆಯ್ಕೆ. ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್, ಪಾರ್ಶ್ವಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಕಾಸ್, ಅಭಿಮುಖವನ್ನು ಪಾರ್ಶ್ವದಿಂದ ಭಾಗಿಸಿದರೆ ಟ್ಯಾನ್. ನಿಮ್ಮ ಬಳಿ ಯಾವ ಎರಡು ಅಳತೆಗಳಿವೆಯೋ ಅವು ಯಾವುದರಲ್ಲಿ ಸೇರಿಕೊಂಡಿವೆಯೋ ಅದನ್ನೇ ಆರಿಸಬೇಕು. ಕೊಸೆಕ್, ಸೆಕ್, ಕಾಟ್ ಎಂಬ ಉಳಿದ ಮೂರನ್ನು ಈ ಕೆಲಸಕ್ಕೆ ಮರೆತುಬಿಡಬಹುದು. ಸಾಮಾನ್ಯ ಕ್ಯಾಲ್ಕುಲೇಟರುಗಳಲ್ಲಿ ಅವುಗಳಿಗೆ ಗುಂಡಿಯೂ ಇರುವುದಿಲ್ಲ.

ಈಗ ಮೊದಲು ಹೇಳಿದ ಸ್ಕೂಟರ್ ಇಳಿಜಾರನ್ನೇ ತೆಗೆದುಕೊಳ್ಳೋಣ. ಗೇಟಿನ ಒಳಗಿನ ನೆಲ ರಸ್ತೆಗಿಂತ 45 ಸೆಂಟಿಮೀಟರ್ ಎತ್ತರದಲ್ಲಿದೆ, ಇಳಿಜಾರು ರಸ್ತೆಯ ಕಡೆಗೆ ಅಡ್ಡಲಾಗಿ 1.5 ಮೀಟರ್ ಚಾಚಿಕೊಂಡಿದೆ ಎಂದುಕೊಳ್ಳಿ. ರಸ್ತೆಯ ಬಳಿ ಇಳಿಜಾರು ನೆಲದೊಂದಿಗೆ ಮಾಡುವ ಕೋನ ನಮಗೆ ಬೇಕು. ಆ ಕೋನದ ಎದುರಿಗಿರುವುದು ಎತ್ತರ, ಪಕ್ಕದಲ್ಲಿರುವುದು ಅಡ್ಡ ದೂರ, ಆದ್ದರಿಂದ ಟ್ಯಾನ್. ಎರಡನ್ನೂ ಒಂದೇ ಮಾನಕ್ಕೆ ತಂದು 0.45 ಮೀಟರನ್ನು 1.5 ಮೀಟರಿನಿಂದ ಭಾಗಿಸಿದರೆ 0.3 ಬರುತ್ತದೆ. ಇಲ್ಲಿ 1.5 ಮೀಟರ್ ಎಂಬುದು ಸಮತಟ್ಟಾಗಿ ಅಳೆದ ದೂರ, ಇಳಿಜಾರಿನ ಮೈಮೇಲೆ ಟೇಪು ಹಾಸಿ ಅಳೆದದ್ದಲ್ಲ ಎಂಬುದನ್ನು ಗಮನಿಸಬೇಕು. ಟೇಪನ್ನು ಇಳಿಜಾರಿನ ಮೇಲೆಯೇ ಹಾಸಿದ್ದರೆ ಸಿಗುವುದು ವಿಕರ್ಣ, ಆಗ ಬಳಸಬೇಕಾದದ್ದು ಸೈನ್. ಲೆಕ್ಕ ತಪ್ಪುವುದು ಬಹುಮಟ್ಟಿಗೆ ಇಂಥ ಜಾಗದಲ್ಲಿಯೇ ಹೊರತು ಭಾಗಾಕಾರದಲ್ಲಲ್ಲ.

ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಅಂದಾಜು ಮಾಡಿ. 45 ಡಿಗ್ರಿಯ ಟ್ಯಾನ್ 1, 30 ಡಿಗ್ರಿಯ ಟ್ಯಾನ್ ಸುಮಾರು 0.58 ಎಂಬುದು ಶಾಲೆಯ ಕೋಷ್ಟಕದಿಂದಲೇ ಗೊತ್ತು, 0.3 ಅದಕ್ಕಿಂತ ಚಿಕ್ಕದಾದ್ದರಿಂದ ಕೋನ 30ಕ್ಕಿಂತ ಕಡಿಮೆ ಇರಲೇಬೇಕು. ಇನ್ನೂ ಹತ್ತಿರಕ್ಕೆ ಹೋಗಬೇಕಾದರೆ, ಟ್ಯಾನ್ ಬೆಲೆ 0.3ರ ಒಳಗಿರುವಾಗ ಅದನ್ನು 57ರಿಂದ ಗುಣಿಸಿದರೆ ಕೋನ ಹೆಚ್ಚುಕಡಿಮೆ ಬಂದುಬಿಡುತ್ತದೆ: ಇಲ್ಲಿ 17. ಒಂದು ರೇಡಿಯನ್ ಎಂದರೆ ಸುಮಾರು 57.3 ಡಿಗ್ರಿ, ಸಣ್ಣ ಕೋನಗಳಲ್ಲಿ ಟ್ಯಾನ್ ಬೆಲೆಯೂ ರೇಡಿಯನ್ನಿನಲ್ಲಿ ಬರೆದ ಕೋನವೂ ಬಹುತೇಕ ಒಂದೇ ಎಂಬುದು ಇದರ ಹಿಂದಿನ ಕಾರಣ. ಈ ಅಂದಾಜನ್ನು ಚಿತ್ರದ ಪಕ್ಕದಲ್ಲಿ ಬರೆದಿಟ್ಟುಕೊಂಡರೆ, ಮುಂದೆ ಯಂತ್ರ ಏನೇ ತೋರಿಸಿದರೂ ಅದನ್ನು ಪ್ರಶ್ನಿಸುವ ಧೈರ್ಯ ನಮ್ಮಲ್ಲಿ ಉಳಿದಿರುತ್ತದೆ.

ಇನ್ನು ಯಂತ್ರ. ಕಾಲೇಜು ಹುಡುಗರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಸಿಯೊ ಎಫ್‌ಎಕ್ಸ್ ಸರಣಿಯವು. ಅದನ್ನು ಆನ್ ಮಾಡಿದ ತಕ್ಷಣ ಪರದೆಯ ಮೇಲಂಚಿನಲ್ಲಿ ಡಿಗ್ರಿಯನ್ನು ಸೂಚಿಸುವ ಸಣ್ಣ ‘ಡಿ’ ಅಕ್ಷರ ಇದೆಯೇ ನೋಡಿ. ಅದರ ಬದಲು ‘ಆರ್’ ಇದ್ದರೆ ಯಂತ್ರ ರೇಡಿಯನ್ನಿನಲ್ಲಿದೆ, ‘ಜಿ’ ಇದ್ದರೆ ಗ್ರೇಡಿಯನ್ನಿನಲ್ಲಿದೆ, ಅಂದರೆ ಲಂಬಕೋನವನ್ನು 90ರ ಬದಲು 100 ಭಾಗ ಮಾಡುವ ಮಾನದಲ್ಲಿದೆ. ಹಳೆಯ ಎಂಎಸ್ ಮಾದರಿಗಳಲ್ಲಿ ಮೋಡ್ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತ ಹೋದಾಗ ಡೆಗ್, ರ‍್ಯಾಡ್, ಗ್ರಾ ಎಂಬ ಮೂರು ಆಯ್ಕೆಗಳ ಪರದೆ ಬರುತ್ತದೆ, ಅಲ್ಲಿ 1 ಒತ್ತಬೇಕು. ಇಎಸ್ ಮಾದರಿಗಳಲ್ಲಿ ಶಿಫ್ಟ್ ಒತ್ತಿ, ಆಮೇಲೆ ಮೋಡ್ ಒತ್ತಿ, ಬರುವ ಪಟ್ಟಿಯಲ್ಲಿ 3 ಒತ್ತಿದರೆ ಡಿಗ್ರಿಗೆ ಬರುತ್ತದೆ. ಮಾದರಿ ಯಾವುದೇ ಇರಲಿ, ಸರಿಯಾದ ಸ್ಥಿತಿಯಲ್ಲಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಸಾಕು: 1ರ ಟ್ಯಾನ್ ಇನ್ವರ್ಸ್ ಕೇಳಿ (ಅದೇನು, ಹೇಗೆ ಒತ್ತಬೇಕು ಎಂಬುದು ಇದರ ಮುಂದೆಯೇ ಬರುತ್ತದೆ). 45 ಬಂದರೆ ಡಿಗ್ರಿಯಲ್ಲಿದೆ, 0.785 ಬಂದರೆ ರೇಡಿಯನ್ನಿನಲ್ಲಿದೆ, 50 ಬಂದರೆ ಗ್ರೇಡಿಯನ್ನಿನಲ್ಲಿದೆ. ಪಕ್ಕದವರಿಂದ ಕ್ಯಾಲ್ಕುಲೇಟರ್ ಕಡ ತಂದಾಗಲಂತೂ ಈ ಪರೀಕ್ಷೆ ಮಾಡದೆ ಮುಂದುವರಿಯಬಾರದು.

ಇನ್ವರ್ಸ್ ಎಂಬುದು ಪ್ರತ್ಯೇಕ ಗುಂಡಿಯಲ್ಲ. ಸೈನ್, ಕಾಸ್, ಟ್ಯಾನ್ ಗುಂಡಿಗಳ ತಲೆಯ ಮೇಲೆ, ಗುಂಡಿಗಿಂತ ಬೇರೆ ಬಣ್ಣದಲ್ಲಿ, ಅದೇ ಹೆಸರಿಗೆ ಬಲಗಡೆ ಮೇಲೆ ಸಣ್ಣದಾಗಿ –1 ಎಂದು ಬರೆದಿರುತ್ತದೆ. ಶಿಫ್ಟ್ ಒತ್ತಿ ಕೈಬಿಟ್ಟು ಟ್ಯಾನ್ ಒತ್ತಿದರೆ ಆ ಮೇಲಿನ ಬರಹ ಜಾರಿಗೆ ಬರುತ್ತದೆ. ಆ –1 ನೋಡಿ ಇದು ಒಂದರಿಂದ ಭಾಗಿಸುವ ವ್ಯುತ್ಕ್ರಮ ಎಂದು ತಿಳಿಯುವುದು ತೀರಾ ಸಹಜವಾದ ತಪ್ಪು. ಟ್ಯಾನ್ ಇನ್ವರ್ಸ್ ಎಂದರೆ “ಯಾವ ಕೋನದ ಟ್ಯಾನ್ ಇಷ್ಟಿದೆ?” ಎಂಬ ಪ್ರಶ್ನೆ. ಟ್ಯಾನ್ ಕೋನವನ್ನು ತೆಗೆದುಕೊಂಡು ಅನುಪಾತವನ್ನು ಕೊಡುತ್ತದೆ, ಇನ್ವರ್ಸ್ ಅನುಪಾತವನ್ನು ತೆಗೆದುಕೊಂಡು ಕೋನವನ್ನು ಕೊಡುತ್ತದೆ. ನಮ್ಮ ಇಳಿಜಾರಿನ ಲೆಕ್ಕದಲ್ಲಿ ಶಿಫ್ಟ್ ಮರೆತು ಬರೀ ಟ್ಯಾನ್ 0.3 ಎಂದು ಒತ್ತಿದರೆ 0.0052 ಬರುತ್ತದೆ, ಅದರ ವ್ಯುತ್ಕ್ರಮ ತೆಗೆದರೆ 190ಕ್ಕೂ ಹೆಚ್ಚು ಬರುತ್ತದೆ. ಲಂಬಕೋನ ತ್ರಿಭುಜದ ಉಳಿದ ಕೋನಗಳು 0ಗೂ 90ಕ್ಕೂ ನಡುವೆಯೇ ಇರಬೇಕಾದ್ದರಿಂದ ಎರಡನೆಯ ಉತ್ತರ ಅಸಾಧ್ಯ. ಮೊದಲನೆಯದನ್ನು ಡಿಗ್ರಿ ಎಂದು ನಂಬಿದರೆ ಇಳಿಜಾರು ಇಲ್ಲವೇ ಇಲ್ಲ ಎಂದಂತಾಯಿತು. ಶಿಫ್ಟ್, ಟ್ಯಾನ್, 0.3, ಸಮಚಿಹ್ನೆ ಎಂಬ ಕ್ರಮದಲ್ಲಿ ಒತ್ತಿದಾಗ 16.699 ಎಂದು ಆರಂಭವಾಗುವ ಸಂಖ್ಯೆ ಬರುತ್ತದೆ. ನಮ್ಮ ಅಂದಾಜು 17 ಇತ್ತು. ಕೋನ ಸುಮಾರು 16.7 ಡಿಗ್ರಿ ಎಂದು ಬರೆಯಬಹುದು.

ಮೇಲೆ ಹೇಳಿದಂಥ ಅಸಾಧ್ಯ ಉತ್ತರಗಳಿಂದ ಅಪಾಯ ಕಡಿಮೆ, ಏಕೆಂದರೆ ಅವು ತಾವಾಗಿಯೇ ಸಿಕ್ಕಿಬೀಳುತ್ತವೆ. ಅಪಾಯವಿರುವುದು ಸರಿಯಾದದ್ದಕ್ಕೆ ಹತ್ತಿರವಿರುವ ತಪ್ಪು ಉತ್ತರದಲ್ಲಿ. ಭಾಗಾಕಾರವನ್ನು ಮೊದಲು ಮಾಡಿಕೊಳ್ಳದೆ, ಎಂಎಸ್ ಮಾದರಿಯಲ್ಲಿ ಶಿಫ್ಟ್, ಟ್ಯಾನ್, 0.45, ಭಾಗಿಸು, 1.5 ಎಂದು ಆವರಣ ಚಿಹ್ನೆಯಿಲ್ಲದೆ ಒತ್ತಿದರೆ, ಯಂತ್ರ ಮೊದಲು 0.45ರ ಟ್ಯಾನ್ ಇನ್ವರ್ಸ್ ಆದ 24.23 ಡಿಗ್ರಿಯನ್ನು ಕಂಡುಹಿಡಿದು ಅದನ್ನು 1.5ರಿಂದ ಭಾಗಿಸಿ 16.15 ಎಂದು ತೋರಿಸುತ್ತದೆ. 16.7ರ ಜಾಗದಲ್ಲಿ 16.15 ಬಂದರೆ ಯಾರಿಗೆ ಅನುಮಾನ ಬರುತ್ತದೆ? ಅಂದಾಜಿನ ಪರೀಕ್ಷೆಯಲ್ಲೂ ಅದು ಪಾಸಾಗಿಬಿಡುತ್ತದೆ. ಆದ್ದರಿಂದ ಭಾಗಾಕಾರವನ್ನು ಬೇರೆಯಾಗಿ ಮಾಡಿ ಸಮಚಿಹ್ನೆ ಒತ್ತಿ, ಬಂದ ಉತ್ತರದ ಮೇಲೆ ಶಿಫ್ಟ್, ಟ್ಯಾನ್, ಆನ್ಸ್ ಎಂದು ಒತ್ತುವುದು, ಇಲ್ಲವೇ 0.45 ಭಾಗಿಸು 1.5 ಎಂಬುದನ್ನು ಪೂರ್ತಿಯಾಗಿ ಆವರಣದೊಳಗೆ ಹಾಕುವುದು ಕಡ್ಡಾಯ. ಇಎಸ್ ಮಾದರಿಗಳು ಟ್ಯಾನ್ ಇನ್ವರ್ಸ್ ಒತ್ತಿದ ಕೂಡಲೇ ಆವರಣವನ್ನು ತಾವೇ ತೆರೆಯುವುದರಿಂದ ಅವುಗಳಲ್ಲಿ ಈ ಭಯ ಕಡಿಮೆ.

ಮೊಬೈಲಿನಲ್ಲಿಯೂ ಇದೇ ಕೆಲಸವಾಗುತ್ತದೆ. ಐಫೋನಿನಲ್ಲಿ ಕ್ಯಾಲ್ಕುಲೇಟರ್ ತೆರೆದು ಫೋನನ್ನು ಅಡ್ಡಲಾಗಿ ತಿರುಗಿಸಿದರೆ ಸೈನ್, ಕಾಸ್, ಟ್ಯಾನ್ ಕಾಣಿಸಿಕೊಳ್ಳುತ್ತವೆ. ಆಂಡ್ರಾಯ್ಡ್ ಫೋನುಗಳಲ್ಲಿ ವೈಜ್ಞಾನಿಕ ಗುಂಡಿಗಳನ್ನು ತೆರೆದು, ಇನ್ವ್ ಎಂದು ಬರೆದ ಗುಂಡಿ ಒತ್ತಿದರೆ ಅವು ಇನ್ವರ್ಸ್ ಆಗುತ್ತವೆ. ಡೆಗ್ ಮತ್ತು ರ‍್ಯಾಡ್ ನಡುವೆ ಬದಲಿಸುವ ಗುಂಡಿ ಇಲ್ಲಿ ಒಂದು ಗೊಂದಲ: ಕೆಲವು ಆ್ಯಪುಗಳಲ್ಲಿ ಅದರ ಮೇಲಿನ ಬರಹ ಈಗಿರುವ ಸ್ಥಿತಿಯನ್ನು ಹೇಳುತ್ತದೆ, ಕೆಲವದರಲ್ಲಿ ಒತ್ತಿದರೆ ಬರುವ ಸ್ಥಿತಿಯನ್ನು ಹೇಳುತ್ತದೆ. 1ರ ಟ್ಯಾನ್ ಇನ್ವರ್ಸ್ ಕೇಳಿ ನೋಡುವ ಪರೀಕ್ಷೆ ಇಲ್ಲಿ ಇನ್ನಷ್ಟು ಬೆಲೆಬಾಳುತ್ತದೆ. ಎಕ್ಸೆಲ್ ಬಳಸುವವರು ಅದು ಕೋನವನ್ನು ಯಾವಾಗಲೂ ರೇಡಿಯನ್ನಿನಲ್ಲಿಯೇ ಕೊಡುತ್ತದೆಂದು ನೆನಪಿಟ್ಟು, ಬಂದದ್ದನ್ನು ಡಿಗ್ರೀಸ್ ಎಂಬ ಸೂತ್ರದೊಳಗೆ ಹಾಕಿಕೊಳ್ಳಬೇಕು.

ಸ್ಕೂಟರ್ ಏರುವ 16.7 ಡಿಗ್ರಿಯ ಇಳಿಜಾರು ಗಾಲಿಕುರ್ಚಿಗೆ ಸ್ವಲ್ಪವೂ ತಕ್ಕದ್ದಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಗಾಲಿಕುರ್ಚಿಗಾಗಿ ಸಾಮಾನ್ಯವಾಗಿ ಪಾಲಿಸುವ ಪ್ರಮಾಣ 12ಕ್ಕೆ 1, ಅಂದರೆ ಪ್ರತಿ 12 ಅಡಿ ಚಾಚಿಗೆ 1 ಅಡಿ ಏರು. 1ನ್ನು 12ರಿಂದ ಭಾಗಿಸಿ ಟ್ಯಾನ್ ಇನ್ವರ್ಸ್ ತೆಗೆದರೆ 4.76 ಡಿಗ್ರಿ. ಅದೇ 45 ಸೆಂಟಿಮೀಟರ್ ಎತ್ತರವನ್ನು ಈ ಪ್ರಮಾಣದಲ್ಲಿ ಏರಬೇಕಾದರೆ ಇಳಿಜಾರು 5.4 ಮೀಟರ್ ಚಾಚಬೇಕು.

ಮೈಸೂರು, ಮಂಡ್ಯದ ಕೆಲಸಗಾರರು ಮೀಟರಿಗಿಂತ ಅಡಿ ಮತ್ತು ಇಂಚುಗಳಲ್ಲಿಯೇ ಹೆಚ್ಚು ಮಾತನಾಡುವುದರಿಂದ ಅದರ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಒಂದು ಶೀಟಿನ ಚಾವಣಿ 9 ಅಡಿ ಅಗಲದಲ್ಲಿ 2 ಅಡಿ 3 ಇಂಚು ಏರುತ್ತದೆ ಎಂದರೆ ಆ ಏರು 2.3 ಅಡಿಯಲ್ಲ, 2.25 ಅಡಿ, ಒಂದು ಅಡಿಗೆ 12 ಇಂಚು. ಎರಡನ್ನೂ ಇಂಚಿಗೆ ತಂದು 27ನ್ನು 108ರಿಂದ ಭಾಗಿಸುವುದೇ ನಿರಾತಂಕವಾದ ದಾರಿ: 0.25, ಕೋನ 14.04 ಡಿಗ್ರಿ. 2.3 ಎಂದು ಒತ್ತಿದವರಿಗೆ 14.34 ಬರುತ್ತದೆ. ಇದೂ ಹತ್ತಿರದ ತಪ್ಪುಗಳ ಜಾತಿಗೆ ಸೇರಿದ್ದೇ. ಒಂದು ಬಾಹು ಅಡಿಯಲ್ಲಿ, ಇನ್ನೊಂದು ಮೀಟರಿನಲ್ಲಿ ಇದ್ದರಂತೂ ಭಾಗಾಕಾರಕ್ಕೆ ಅರ್ಥವೇ ಇರುವುದಿಲ್ಲ.

ಸೈನ್ ಮತ್ತು ಕಾಸ್ ಬಳಸುವಾಗ ಚಿಕ್ಕದನ್ನು ದೊಡ್ಡದರಿಂದ ಭಾಗಿಸುತ್ತಿರುವುದರಿಂದ ಉತ್ತರ ಎಂದಿಗೂ 1ನ್ನು ದಾಟುವುದಿಲ್ಲ. ಬಾಹುಗಳನ್ನು ತಲೆಕೆಳಗಾಗಿ ಭಾಗಿಸಿ 1.25 ಎಂಬಂಥ ಸಂಖ್ಯೆಗೆ ಸೈನ್ ಇನ್ವರ್ಸ್ ಕೇಳಿದರೆ ಯಂತ್ರ ಮ್ಯಾಥ್ ಎರರ್ ಎಂದು ತೋರಿಸಿ ನಿಲ್ಲುತ್ತದೆ. ಯಂತ್ರ ಕೆಟ್ಟಿದೆ ಎಂದುಕೊಳ್ಳದೆ, ವಿಕರ್ಣವೆಂದು ನೀವು ಬರೆದುಕೊಂಡ ಬಾಹು ನಿಜವಾಗಿಯೂ ವಿಕರ್ಣವೇ ಎಂದು ಚಿತ್ರಕ್ಕೆ ಹಿಂದಿರುಗಿ ನೋಡಬೇಕು. ಟ್ಯಾನ್ ವಿಷಯದಲ್ಲಿ ಈ ರಕ್ಷಣೆಯಿಲ್ಲ. ಅದು 1ಕ್ಕಿಂತ ದೊಡ್ಡದಿರಬಹುದಾದ್ದರಿಂದ ತಲೆಕೆಳಗಾದ ಭಾಗಾಕಾರವನ್ನು ಯಂತ್ರ ಸುಮ್ಮನೆ ಒಪ್ಪಿಕೊಂಡು ಇನ್ನೊಂದು ಲಘುಕೋನವನ್ನು ಕೊಡುತ್ತದೆ. ನಮ್ಮ ಸ್ಕೂಟರ್ ಇಳಿಜಾರಿನಲ್ಲಿ ಹಾಗೆ ಮಾಡಿದರೆ 73.3 ಬರುತ್ತದೆ, ಅದು ಗೇಟಿನ ಬಳಿ ಮೇಲಿರುವ ಕೋನ. ಎರಡೂ ಲಘುಕೋನಗಳನ್ನು ಬೇರೆ ಬೇರೆಯಾಗಿ ಕಂಡುಹಿಡಿದು ಕೂಡಿದಾಗ 90 ಬರುತ್ತದೆಯೇ ಎಂದು ನೋಡುವವರಿದ್ದಾರೆ. ಒತ್ತುವಾಗ ಆದ ತಪ್ಪನ್ನು ಇದು ಹಿಡಿಯುತ್ತದೆ, ಅಳತೆಯ ತಪ್ಪನ್ನು ಹಿಡಿಯುವುದಿಲ್ಲ.

ಅಳತೆಯ ತಪ್ಪು ಕೋನದಲ್ಲಿ ಎಷ್ಟಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ಯಾವ ಎರಡು ಬಾಹುಗಳನ್ನು ಅಳೆದಿರಿ ಎಂಬುದರ ಮೇಲೆ ನಿಂತಿದೆ. ಶಾಲೆಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಸ್ಥಳದಲ್ಲಿ ನಿಂತು ಅಳೆಯುವವನಿಗೆ ಇದಕ್ಕಿಂತ ಉಪಯುಕ್ತವಾದ ವಿಷಯ ಬೇರೊಂದಿಲ್ಲ. ಗೋಡೆಗೆ ಒರಗಿಸಿದ 5 ಮೀಟರ್ ಉದ್ದದ ಏಣಿಯನ್ನು ಗಮನಿಸಿ. ಏಣಿಯ ಉದ್ದ ವಿಕರ್ಣ. ಅದರ ಬುಡ ಗೋಡೆಯಿಂದ 1.3 ಮೀಟರ್ ದೂರದಲ್ಲಿದ್ದರೆ ನೆಲದ ಬಳಿಯ ಕೋನಕ್ಕೆ ಆ ದೂರ ಪಾರ್ಶ್ವಬಾಹುವಾಗುತ್ತದೆ, 1.3ನ್ನು 5ರಿಂದ ಭಾಗಿಸಿದರೆ 0.26, ಕಾಸ್ ಇನ್ವರ್ಸ್ ತೆಗೆದರೆ 74.93 ಡಿಗ್ರಿ. ಏಣಿ ಎಷ್ಟು ಎತ್ತರ ಏರುತ್ತದೆಯೋ ಅದರ ಕಾಲು ಭಾಗದಷ್ಟು ದೂರದಲ್ಲಿ ಬುಡವಿಡಬೇಕೆಂಬ ಸುರಕ್ಷತೆಯ ನಿಯಮಕ್ಕೆ ಸರಿಹೋಗುವ ಕೋನ 4ರ ಟ್ಯಾನ್ ಇನ್ವರ್ಸ್, ಅಂದರೆ 75.96 ಡಿಗ್ರಿ, ನಮ್ಮ ಏಣಿ ಅದಕ್ಕೆ ಹತ್ತಿರದಲ್ಲಿಯೇ ಇದೆ. ಈಗ ಟೇಪು ಜಾರಿ ಒಂದು ಇಂಚಿನಷ್ಟು, ಅಂದರೆ ಎರಡೂವರೆ ಸೆಂಟಿಮೀಟರ್ ತಪ್ಪಾಗಿ 1.325 ಮೀಟರ್ ಎಂದು ಓದಿದೆವೆನ್ನಿ. ಉತ್ತರ 74.63 ಆಗುತ್ತದೆ, ವ್ಯತ್ಯಾಸ 0.3 ಡಿಗ್ರಿ. ಅದೇ ಏಣಿಗೆ ಬುಡದ ದೂರದ ಬದಲು ತುದಿಯ ಎತ್ತರವನ್ನು ಅಳೆದು, 4.83ನ್ನು 5ರಿಂದ ಭಾಗಿಸಿ ಸೈನ್ ಇನ್ವರ್ಸ್ ತೆಗೆದರೆ 75.02 ಡಿಗ್ರಿ, ಅಲ್ಲಿಯೂ ಅಷ್ಟೇ ತಪ್ಪಾಗಿ 4.855 ಎಂದು ಓದಿದರೆ ಉತ್ತರ 76.17ಕ್ಕೆ ಜಿಗಿಯುತ್ತದೆ. ತಪ್ಪು ಒಂದೇ ಅಳತೆಯದು, ಪರಿಣಾಮ ಮಾತ್ರ ಸುಮಾರು ನಾಲ್ಕು ಪಟ್ಟು.

ಕೋನ 90ಕ್ಕೆ ಹತ್ತಿರವಾದಷ್ಟೂ ಸೈನ್ ಬೆಲೆ 1ರ ಬಳಿ ತೀರಾ ನಿಧಾನವಾಗಿ ಬದಲಾಗುವುದೇ ಇದಕ್ಕೆ ಕಾರಣ. ಸೈನ್ 0.99 ಆದಾಗ ಕೋನ 81.89 ಡಿಗ್ರಿ, 0.995 ಆದಾಗ 84.27 ಡಿಗ್ರಿ: ಅನುಪಾತದಲ್ಲಿ ಅರ್ಧ ಶೇಕಡದಷ್ಟು ವ್ಯತ್ಯಾಸವಾದರೆ ಕೋನದಲ್ಲಿ ಎರಡು ಡಿಗ್ರಿಗೂ ಮೀರಿದ ವ್ಯತ್ಯಾಸ. ತೀರಾ ಸಣ್ಣ ಕೋನಗಳಲ್ಲಿ ಕಾಸ್ ಇದೇ ಆಟ ಆಡುತ್ತದೆ. ಹಾಗಾಗಿ ಯಾವ ಬಾಹುಗಳನ್ನು ಅಳೆಯಬೇಕೆಂಬ ಆಯ್ಕೆ ನಿಮ್ಮ ಕೈಯಲ್ಲಿದ್ದರೆ, ಕಡಿದಾದ ಕೋನಕ್ಕೆ ಕಾಸ್, ಚಪ್ಪಟೆಯಾದ ಕೋನಕ್ಕೆ ಸೈನ್, ಅಂದರೆ ಎರಡು ಸಂದರ್ಭದಲ್ಲಿಯೂ ವಿಕರ್ಣದ ಜೊತೆಗೆ ಅತಿ ಚಿಕ್ಕ ಬಾಹುವನ್ನು ಅಳೆಯುವುದು ಜಾಣತನ. ಟ್ಯಾನ್ ಎರಡು ಕಡೆಯೂ ನಂಬಿಕಸ್ಥ; ಅಡ್ಡ ದೂರವನ್ನೂ ಎತ್ತರವನ್ನೂ ಚೆನ್ನಾಗಿ ಅಳೆಯಲು ಸಾಧ್ಯವಿರುವಾಗ ನಾನು ಅದನ್ನೇ ಆರಿಸುತ್ತೇನೆ.

ದೂರದ ವಸ್ತುಗಳ ಉನ್ನತ ಕೋನಕ್ಕೂ, ಅಂದರೆ ತಲೆಯೆತ್ತಿ ನೋಡುವಾಗ ನೋಟದ ಗೆರೆ ಅಡ್ಡರೇಖೆಯೊಂದಿಗೆ ಮಾಡುವ ಕೋನಕ್ಕೂ, ಇದೇ ಟ್ಯಾನ್ ಸಾಕು, ನೋಡುವವರ ಕಣ್ಣಿನ ಎತ್ತರವನ್ನು ಮಾತ್ರ ಮರೆಯಬಾರದು. ಮೈಸೂರಿನ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನ ಮುಂಭಾಗದ ಜೋಡಿ ಗೋಪುರಗಳು 175 ಅಡಿ ಎತ್ತರದವು. ಗೋಪುರದ ಬುಡದಿಂದ 300 ಅಡಿ ದೂರದಲ್ಲಿ ನಿಂತವರ ಕಣ್ಣು ನೆಲದಿಂದ 5 ಅಡಿ ಮೇಲಿದ್ದರೆ, ತ್ರಿಭುಜದ ಅಭಿಮುಖ ಬಾಹು 175 ಅಡಿಯಲ್ಲ, 170 ಅಡಿ. 170ನ್ನು 300ರಿಂದ ಭಾಗಿಸಿದರೆ 0.5667, ಟ್ಯಾನ್ ಇನ್ವರ್ಸ್ 29.54 ಡಿಗ್ರಿ. ಪುಸ್ತಕದ 30 ಡಿಗ್ರಿಗೆ ಎಷ್ಟು ಹತ್ತಿರ! ಚಾಮುಂಡಿ ಬೆಟ್ಟದ ಲೆಕ್ಕ ಇದಕ್ಕಿಂತ ಅಚ್ಚರಿಯದು. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿದ್ದು ಅರಮನೆಯ ಸುತ್ತಲಿನ ನೆಲಕ್ಕಿಂತ ಸುಮಾರು 300 ಮೀಟರ್ ಮೇಲಿದೆ, ಅರಮನೆಯಿಂದ ಅಲ್ಲಿಗೆ ನೇರ ದೂರ ಸುಮಾರು 4 ಕಿಲೋಮೀಟರ್. 300ನ್ನು 4,000ದಿಂದ ಭಾಗಿಸಿದರೆ 0.075, ಕೋನ 4.3 ಡಿಗ್ರಿ ಮಾತ್ರ. ಊರಿನ ಆಕಾಶವನ್ನೇ ತುಂಬಿಕೊಂಡಂತೆ ಕಾಣುವ ಬೆಟ್ಟ ಅರಮನೆಯ ಬಳಿ ನಿಂತ ಕಣ್ಣಿಗೆ ಗಾಲಿಕುರ್ಚಿಯ ಇಳಿಜಾರಿನಷ್ಟೂ ಎತ್ತಿಕೊಂಡಿಲ್ಲ. ಬೆಟ್ಟದ ಮೇಲಿನಿಂದ ಅರಮನೆಯ ಕಡೆಗೆ ನೋಡುವ ಅವನತ ಕೋನವೂ ಇಷ್ಟೇ, ಏಕೆಂದರೆ ಎರಡು ಸಮಾನಾಂತರ ಅಡ್ಡರೇಖೆಗಳ ನಡುವೆ ಅವೆರಡೂ ಪರ್ಯಾಯ ಕೋನಗಳು.

ಇಂಥಲ್ಲಿ 4.289 ಎಂದು ಪರದೆಯಲ್ಲಿ ಬಂದದ್ದನ್ನೆಲ್ಲ ಬರೆದುಕೊಳ್ಳುವುದು ವ್ಯರ್ಥ. ಎತ್ತರ, ದೂರ ಎರಡೂ ಸುಮಾರಿನವಾದ ಮೇಲೆ ಕೋನವೂ ಸುಮಾರಿನದೇ. ಟೇಪು ಹಿಡಿದು ಅಳೆದ ಲೆಕ್ಕಗಳಿಗೆ ಒಂದು ದಶಮಾಂಶ ಸ್ಥಾನ ಸಾಕಾಗುತ್ತದೆ. ಭೂಮಾಪನದ ಲೆಕ್ಕಗಳಲ್ಲಿ ಡಿಗ್ರಿಯ ದಶಮಾಂಶದ ಬದಲು ನಿಮಿಷ, ಸೆಕೆಂಡುಗಳನ್ನು ಕೇಳುವುದುಂಟು. ಕ್ಯಾಸಿಯೊ ಯಂತ್ರಗಳಲ್ಲಿ ಡಿಗ್ರಿ, ನಿಮಿಷ, ಸೆಕೆಂಡಿನ ಚಿಹ್ನೆಗಳಿರುವ ಗುಂಡಿಯನ್ನು ಉತ್ತರ ಬಂದ ಮೇಲೆ ಒತ್ತಿದರೆ 16.699 ಎಂಬುದು 16 ಡಿಗ್ರಿ 41 ನಿಮಿಷ 57 ಸೆಕೆಂಡ್ ಎಂದು ಬದಲಾಗುತ್ತದೆ. ಆ ಗುಂಡಿ ಇಲ್ಲದಿದ್ದರೆ ದಶಮಾಂಶ ಭಾಗವನ್ನು 60ರಿಂದ ಗುಣಿಸಬೇಕು, ಅದರಲ್ಲಿ ಉಳಿದ ದಶಮಾಂಶವನ್ನು ಮತ್ತೆ 60ರಿಂದ ಗುಣಿಸಬೇಕು. 16.7 ಎಂದರೆ 16 ಡಿಗ್ರಿ 7 ನಿಮಿಷ ಎಂದು ಓದುವುದು ಅಡಿ, ಇಂಚಿನ ತಪ್ಪಿನ ಇನ್ನೊಂದು ರೂಪ.

ಉತ್ತರ ಸರಿಯೇ ಎಂದು ಹೊರಗಿನಿಂದ ಪರೀಕ್ಷಿಸಿ ನೋಡಬಯಸುವವರಿಗೆ ಒಂದು ಪ್ರಯೋಗವಿದೆ. ಮಾರ್ಚ್ 20–21 ಅಥವಾ ಸೆಪ್ಟೆಂಬರ್ 22–23ರ ಸುಮಾರಿಗೆ ಸೂರ್ಯ ಸಮಭಾಜಕ ವೃತ್ತದ ನೇರಕ್ಕೆ ಇರುತ್ತಾನೆ. ಆ ದಿನ ನಡುಹಗಲಿನಲ್ಲಿ 1 ಮೀಟರ್ ಉದ್ದದ ನೆಟ್ಟನೆಯ ಕೋಲಿನ ನೆರಳನ್ನು ಅಳೆದರೆ, ಕೋಲಿನ ತುದಿಯಲ್ಲಿ ಕೋಲಿಗೂ ಸೂರ್ಯಕಿರಣಕ್ಕೂ ನಡುವೆ ಇರುವ ಕೋನ ಆ ಊರಿನ ಅಕ್ಷಾಂಶವೇ ಆಗಿರುತ್ತದೆ. ಮೈಸೂರಿನ ಅಕ್ಷಾಂಶ ಸುಮಾರು 12.3 ಡಿಗ್ರಿ ಉತ್ತರ. ಕೋನ ಮೇಲಿನದಾದ್ದರಿಂದ ಇಲ್ಲಿ ನೆರಳು ಅಭಿಮುಖ ಬಾಹು, ಕೋಲು ಪಾರ್ಶ್ವಬಾಹು, ನೆರಳು 21.8 ಸೆಂಟಿಮೀಟರ್ ಬಂದರೆ 0.218ರ ಟ್ಯಾನ್ ಇನ್ವರ್ಸ್ 12.30. ನಡುಹಗಲು ಎಂದರೆ ಗಡಿಯಾರದ 12 ಗಂಟೆಯಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುತ್ತದೆ, ಮೈಸೂರು ಅದಕ್ಕಿಂತ ಸುಮಾರು 6 ಡಿಗ್ರಿ ಪಶ್ಚಿಮದಲ್ಲಿದೆ. ಆದ್ದರಿಂದ ಇಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಮಾರ್ಚಿನಲ್ಲಿ 12 ಗಂಟೆ 31 ನಿಮಿಷದ ಸುಮಾರಿಗೆ, ಸೆಪ್ಟೆಂಬರಿನಲ್ಲಿ 12 ಗಂಟೆ 16 ನಿಮಿಷದ ಸುಮಾರಿಗೆ. ಅದಕ್ಕೆ ಹತ್ತು ನಿಮಿಷ ಮುಂಚಿನಿಂದಲೇ ನೆರಳಿನ ತುದಿಗೆ ಗುರುತು ಹಾಕುತ್ತ ಹೋಗಿ, ಅತಿ ಚಿಕ್ಕ ನೆರಳನ್ನು ಆರಿಸಿಕೊಳ್ಳಬೇಕು. ಸೂರ್ಯಬಿಂಬಕ್ಕೆ ಅರ್ಧ ಡಿಗ್ರಿಯಷ್ಟು ಅಗಲವಿರುವುದರಿಂದ ನೆರಳಿನ ತುದಿ ಗೆರೆ ಎಳೆದಂತೆ ಕಾಣದೆ ಮಸುಕಾಗಿರುತ್ತದೆ. ಅರ್ಧ ಸೆಂಟಿಮೀಟರ್ ಹೆಚ್ಚಾಗಿ ಓದಿದರೆ ಉತ್ತರ 12.57, ಅಷ್ಟೇ ಕಡಿಮೆಯಾಗಿ ಓದಿದರೆ 12.02. ಕೋಲು ಉತ್ತರಕ್ಕೋ ದಕ್ಷಿಣಕ್ಕೋ ಒಂದು ಡಿಗ್ರಿ ವಾಲಿದ್ದರೆ ಆ ಡಿಗ್ರಿ ಬಹುಮಟ್ಟಿಗೆ ಹಾಗೆಯೇ ಉತ್ತರದೊಳಕ್ಕೆ ಬಂದು ಸೇರುವುದರಿಂದ, ಅಳೆಯುವ ಮೊದಲು ಕೋಲಿನ ಪಕ್ಕದಲ್ಲಿ ತೂಗುಗುಂಡು ಬಿಟ್ಟು ನಾಲ್ಕೂ ಕಡೆಯಿಂದ ನೋಡಿಕೊಳ್ಳಬೇಕು.